ಹೊಳೆಗೂ ಬೆಟ್ಟಕ್ಕೂ ಒಂದೇ ಜಗಳ

ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ತುಂಗಾ ನದಿಯ ಮೀನುಗಳಿಗೆ ಬಲೆಯ ಭಯವಿಲ್ಲ. ದಡದ ಸಿದ್ಧಿವಿನಾಯಕನ ಸನ್ನಿಧಿಗೆ ಬಂದವರು ಅಕ್ಕಿ, ಮಂಡಕ್ಕಿ ಎರಚುತ್ತಾರೆ. ಮೀನುಗಳು ಮೆಟ್ಟಿಲ ತನಕ ಬಂದು ಬಾಯಿ ತೆರೆಯುತ್ತವೆ. ಅವು ದೇವರ ಮೀನು ಎಂಬ ನಂಬಿಕೆ ಅಲ್ಲಿ ಯಾವ ಸರ್ಕಾರಿ ಆದೇಶಕ್ಕಿಂತಲೂ ಹೆಚ್ಚು ಕೆಲಸ ಮಾಡಿದೆ. ಪರಶುರಾಮ ತನ್ನ ಕೊಡಲಿಗೆ ಅಂಟಿದ ರಕ್ತವನ್ನು ತೊಳೆದುಕೊಂಡದ್ದು ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಎಂದು ಐತಿಹ್ಯ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಇಂದಿಗೂ ಅಲ್ಲಿ ಮುಳುಗುತ್ತಾರೆ. ಸ್ನಾನಕ್ಕೆ ಗಂಗೆ, ಕುಡಿಯಲು ತುಂಗೆ ಎಂಬ ಮಾತಂತೂ ಎಲ್ಲರಿಗೂ ಬಾಯಿಪಾಠ.

ಇದೇ ನೀರು ಗಾಜನೂರು, ಶಿವಮೊಗ್ಗಗಳನ್ನು ದಾಟಿ ಕೂಡ್ಲಿಯಲ್ಲಿ ಭದ್ರೆಯೊಡನೆ ಸೇರುತ್ತದೆ. ಅಲ್ಲಿಗೆ ತುಂಗೆ 147 ಕಿಲೋಮೀಟರ್, ಭದ್ರೆ 178 ಕಿಲೋಮೀಟರ್ ಹರಿದಿರುತ್ತವೆ. ಮುಂದೆ ಹೊನ್ನಾಳಿಯ ಬಯಲನ್ನು ಹಾದು ತುಂಗಭದ್ರೆಯಾಗಿ ಹರಿಹರಕ್ಕೆ ಬರುತ್ತದೆ. ಹರಿಹರದ ಕೆಳಗಿನ ಹಳ್ಳಿಗಳವರು 1980ರ ದಶಕದಲ್ಲಿ ಕಂಡ ಹೊಳೆ ಬೇರೆಯೇ ಆಗಿತ್ತು. ನೀರಿನ ಬಣ್ಣ ಕಂದಾಗಿತ್ತು, ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಮೀನು ಸತ್ತು ತೇಲುತ್ತಿದ್ದವು.

ಆ ಸತ್ತ ಮೀನುಗಳಿಂದ ಆರಂಭವಾದ ಜಗಳ ಕೊನೆಗೆ ಹೋಗಿ ಮುಟ್ಟಿದ್ದು ಸಾಗರ ಸೀಮೆಯ ಬೆಟ್ಟ, ಬೇಣ, ಗೋಮಾಳಗಳನ್ನು. ಕರ್ನಾಟಕದ ಪರಿಸರ ಚಳವಳಿಯ ಇತಿಹಾಸದಲ್ಲಿ ಇದು ಬಹು ಮುಖ್ಯವಾದ ಅಧ್ಯಾಯ. ಆದರೂ ಜನರ ನೆನಪಿನಲ್ಲಿ ಉಳಿದದ್ದು ಅದರ ಅರ್ಧ ಭಾಗ ಮಾತ್ರ.

ಹೆಸರು ಹರಿಹರ, ಊರು ಕುಮಾರಪಟ್ಟಣ

ಹರಿಹರ ಪಾಲಿಫೈಬರ್ಸ್ ಎಂಬ ಹೆಸರು ಕೇಳಿದವರು ಕಾರ್ಖಾನೆ ಹರಿಹರದಲ್ಲಿದೆ ಎಂದುಕೊಳ್ಳುವುದು ಸಹಜ. ಅದಿರುವುದು ಹೊಳೆಯ ಆಚೆ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಆಗ ಈಚೆ ದಡ ಚಿತ್ರದುರ್ಗ ಜಿಲ್ಲೆ, ಆಚೆ ದಡ ಧಾರವಾಡ ಜಿಲ್ಲೆ. 1997ರಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಒಂದು ದಡ ದಾವಣಗೆರೆಗೂ ಇನ್ನೊಂದು ಹಾವೇರಿಗೂ ಸೇರಿದವು. ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ಸ್ ಕಂಪನಿ 1970ರ ದಶಕದಲ್ಲಿ ಇಲ್ಲಿ ತನ್ನ ಘಟಕವನ್ನು ಆರಂಭಿಸಿತು. ಈ ಕಂಪನಿಯೇ ಮುಂದೆ ಗ್ರಾಸಿಂ ಎಂದು ಹೆಸರು ಬದಲಿಸಿಕೊಂಡಿತು. ಬರಗಾಲಕ್ಕೆ ಸಿಕ್ಕಿ ಬಸವಳಿದಿದ್ದ ಸೀಮೆಗೆ ಕಾರ್ಖಾನೆ ಬಂದಾಗ ಯಾರೂ ಬೇಡವೆನ್ನಲಿಲ್ಲ. ಕೆಲಸ ಸಿಕ್ಕಿತು, ಅಂಗಡಿ ಮುಂಗಟ್ಟು ಬೆಳೆದವು, ಲಾರಿಗಳು ಓಡಾಡಿದವು.

ಲಾರಿಗಳ ತುಂಬ ಬರುತ್ತಿದ್ದುದು ನೀಲಗಿರಿ ಮರದ ತುಂಡುಗಳು. ಮರವನ್ನು ಚಕ್ಕೆ ಮಾಡಿ, ರಾಸಾಯನಿಕಗಳೊಡನೆ ಒತ್ತಡದಲ್ಲಿ ಬೇಯಿಸಿದರೆ ನಾರು ಬೇರೆಯಾಗುತ್ತದೆ. ನಾರನ್ನು ಹಿಡಿದಿಟ್ಟಿದ್ದ ಅಂಟಿನಂಥ ಪದಾರ್ಥ ಕರಗಿ ಕಪ್ಪು ದ್ರವವಾಗುತ್ತದೆ. ಬಳಿಕ ನಾರಿನ ತಿರುಳನ್ನು ಬಿಳುಪು ಮಾಡಬೇಕು. ಆ ತಿರುಳಿನಿಂದ ರೇಯಾನ್ ಎಳೆ ತೆಗೆಯುವಾಗ ಕಾಸ್ಟಿಕ್ ಸೋಡಾ, ಇಂಗಾಲದ ಡೈಸಲ್ಫೈಡ್, ಗಂಧಕಾಮ್ಲ, ಸತುವಿನ ಲವಣ ಎಲ್ಲವೂ ಬೇಕು. ಪ್ರತಿ ಹಂತದಲ್ಲೂ ತೊಳೆಯಬೇಕಾದ್ದರಿಂದ ನೀರು ಅಪಾರವಾಗಿ ಬೇಕಾಗುತ್ತದೆ. ಇಂಥ ಕಾರ್ಖಾನೆಗಳು ಹೊಳೆಯ ದಡವನ್ನೇ ಹುಡುಕಿಕೊಂಡು ಬರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದನ್ನು, ಅಂದರೆ ಶುದ್ಧ ನೀರು ಸಿಗುತ್ತದೆ ಎಂಬುದನ್ನು, ಎಲ್ಲರೂ ಹೇಳುತ್ತಾರೆ. ಬಳಸಿದ ನೀರನ್ನು ಸಾಗಿಸಿಬಿಡಲು ಸುಲಭ ಎಂಬ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೀನು ಸಾಯಲು ನೀರಿನಲ್ಲಿ ವಿಷವೇ ಇರಬೇಕೆಂದಿಲ್ಲ. ಮರದ ರಸದಂಥ ಸಾವಯವ ಕೊಳೆ ಹೊಳೆಗೆ ಸೇರಿದಾಗ ಅದನ್ನು ತಿನ್ನಲು ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಹುಟ್ಟಿಕೊಳ್ಳುತ್ತವೆ. ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಖರ್ಚು ಮಾಡುತ್ತವೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನ ಒಂದು ಲೀಟರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಲೆಕ್ಕ. ಅದಕ್ಕಿಂತ ತೀರ ಕಡಿಮೆಯಾದರೆ ಮೀನು ನೀರಿನಲ್ಲಿದ್ದೇ ಉಸಿರುಕಟ್ಟಿ ಸಾಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಕೊಳೆ ತೆಳುವಾಗಿ ಕೊಚ್ಚಿಹೋಗುತ್ತದೆ. ಬೇಸಗೆಯಲ್ಲಿ ಹರಿವು ಸೊರಗಿ, ನೀರು ಬಿಸಿಯಾಗಿ, ಇರುವ ಆಮ್ಲಜನಕವೂ ಇಳಿದಿರುತ್ತದೆ. ಹೊಳೆಯ ದೂರು ಬೇಸಗೆಯಲ್ಲೇ ಹೆಚ್ಚು ಕೇಳಿಬರುವುದು ಇದಕ್ಕೇ. ತನಿಖೆಗೆಂದು ಬಂದವರು ಆಷಾಢದಲ್ಲಿ ಬಂದರೆ ಕಾಣುವುದು ಕೆಂಪು ನೆರೆ ಮಾತ್ರ.

ನಲವಾಗಲ, ಐರಣಿಯಂಥ ಕೆಳದಂಡೆಯ ಊರುಗಳಿಗೆ ಹೊಳೆಯೇ ಕೊಳಾಯಿ. ಕುಡಿಯಲು, ಅಡಿಗೆಗೆ, ದನ ಮೈ ತೊಳೆಯಲು, ಬಟ್ಟೆ ಒಗೆಯಲು ಬೇರೆ ನೀರಿಲ್ಲ. ಬಲೆಯನ್ನೇ ನಂಬಿದ ಬೆಸ್ತರಿಗೆ, ಅಂಬಿಗರಿಗೆ ಮೀನು ಹೋದರೆ ಊಟವೇ ಹೋದಂತೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೂ, ಹೊಳೆಯ ನೀರನ್ನೇ ಕುಡಿಯುತ್ತಿದ್ದವರಿಗೂ ಹಿತ ಬೇರೆ ಬೇರೆಯಾಯಿತು. ಕೆಲವು ಮನೆಗಳಲ್ಲಿ ಇಬ್ಬರೂ ಒಂದೇ ಸೂರಿನ ಕೆಳಗಿದ್ದರು.

ಶಿಕಾಗೋದಿಂದ ಮೆಡ್ಲೇರಿಗೆ

ಈ ಅಸಮಾಧಾನಕ್ಕೆ ಸಂಘಟನೆಯ ರೂಪ ಕೊಟ್ಟವರಲ್ಲಿ ಪ್ರಮುಖರು ಎಸ್.ಆರ್. ಹಿರೇಮಠ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಶಿಕಾಗೋದಲ್ಲಿ ಒಳ್ಳೆಯ ನೌಕರಿಯಲ್ಲಿದ್ದವರು. 1979ರಲ್ಲಿ ಅದನ್ನು ಬಿಟ್ಟು ಪತ್ನಿಯೊಡನೆ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ಕೈಹಾಕಿದರು. ಅವರು ಮತ್ತು ಸಂಗಾತಿಗಳು ಕಟ್ಟಿದ ಸಮಾಜ ಪರಿವರ್ತನ ಸಮುದಾಯವೇ ಹೊಳೆಯ ವಿಷಯವನ್ನು ಎತ್ತಿಕೊಂಡಿತು. 2009ರ ಬಳಿಕ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ನಡೆಸಿದ ಮೊಕದ್ದಮೆಯಿಂದ ಹಿರೇಮಠರ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಆದರೆ ಅವರ ಸಮುದಾಯ ಹೋರಾಟದ ಅಕ್ಷರಾಭ್ಯಾಸ ಮಾಡಿದ್ದು ತುಂಗಭದ್ರೆಯ ದಡದಲ್ಲಿ.

1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. ಆ ವರ್ಷದ ಕೊನೆಯ ಮೂರು ತಿಂಗಳನ್ನು ಗಮನಿಸಬೇಕು. ನವೆಂಬರ್ 14ರಂದು ರಾಜ್ಯ ಸರ್ಕಾರ ಇದೇ ಕಾರ್ಖಾನೆಯೊಡನೆ ಮತ್ತೊಂದು ಒಪ್ಪಂದಕ್ಕೆ ಸಹಿ ಹಾಕಿತು. ಅದರ ಕಥೆ ಮುಂದೆ ಬರುತ್ತದೆ. ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅನಿಲ ಸೋರಿತು. ಕಾರ್ಖಾನೆ ಎಂದರೆ ಪ್ರಗತಿ ಎಂಬ ಸಮೀಕರಣವನ್ನು ಪ್ರಶ್ನಿಸುವವರನ್ನು ಅಲ್ಲಿಯವರೆಗೆ ಅಭಿವೃದ್ಧಿ ವಿರೋಧಿಗಳೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಭೋಪಾಲದ ನಂತರ ಅದು ಅಷ್ಟು ಸುಲಭವಾಗಿ ಉಳಿಯಲಿಲ್ಲ.

1985ರ ಡಿಸೆಂಬರ್‌ನಲ್ಲಿ ಸಮುದಾಯ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ವಿಶೇಷವೆಂದರೆ ಅರ್ಜಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಿರುದ್ಧವಾಗಿತ್ತು. ಹೊಳೆ ಕೆಡುವುದನ್ನು ತಡೆಯಬೇಕಾದ ಮಂಡಳಿ ತನ್ನ ಕರ್ತವ್ಯ ಮಾಡಿಲ್ಲ ಎಂಬುದು ದೂರು. ಕಾವಲುಗಾರನ ಮೇಲೆ ಮೊಕದ್ದಮೆ ಹೂಡುವ ಈ ಕ್ರಮ ಇಂದು ಸಾಮಾನ್ಯವಾಗಿದೆ. ಅಂದು ಅದು ಹೊಸದು.

ಅದನ್ನು ಅರ್ಥ ಮಾಡಿಕೊಳ್ಳಲು ಆಗಿನ ಕಾನೂನನ್ನು ಸ್ವಲ್ಪ ನೋಡಬೇಕು. ಜಲ ಮಾಲಿನ್ಯ ತಡೆ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1974ರಲ್ಲಿ. ಅದೇ ವರ್ಷವೇ ಕರ್ನಾಟಕದ ಮಂಡಳಿ ಅಸ್ತಿತ್ವಕ್ಕೆ ಬಂತು. ಕಾಗದದ ಮೇಲೆ ರಾಜ್ಯ ಹಿಂದೆ ಬಿದ್ದಿರಲಿಲ್ಲ. ತ್ಯಾಜ್ಯ ನೀರನ್ನು ಹೊಳೆಗೆ ಬಿಡಬೇಕಾದರೆ ಕಾರ್ಖಾನೆ ಮಂಡಳಿಯ ಸಮ್ಮತಿ ಪಡೆಯಬೇಕು. ಷರತ್ತು ಮೀರಿದರೆ ಮಂಡಳಿ ಏನು ಮಾಡಬಹುದಿತ್ತು? ನ್ಯಾಯಾಲಯಕ್ಕೆ ಹೋಗಬಹುದಿತ್ತು, ಅಷ್ಟೇ. ಕಾರ್ಖಾನೆಯನ್ನು ತಾನೇ ಮುಚ್ಚಿಸುವ, ವಿದ್ಯುತ್ ಮತ್ತು ನೀರು ಕಡಿತಗೊಳಿಸುವ ಅಧಿಕಾರ ಮಂಡಳಿಗೆ ಸಿಕ್ಕಿದ್ದು 1988ರ ತಿದ್ದುಪಡಿಯಲ್ಲಿ. ಸಾಮಾನ್ಯ ನಾಗರಿಕನೊಬ್ಬ 60 ದಿನಗಳ ನೋಟಿಸ್ ಕೊಟ್ಟು ತಾನೇ ದೂರು ಹೂಡಬಹುದು ಎಂದಾದದ್ದೂ ಆಗಲೇ. ಅಂದರೆ ಐರಣಿಯ ಬೆಸ್ತನೊಬ್ಬ 1985ರಲ್ಲಿ ಸತ್ತ ಮೀನನ್ನು ಕೈಯಲ್ಲಿ ಹಿಡಿದು ನಿಂತರೂ ಈ ಕಾಯ್ದೆಯಡಿ ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿರಲಿಲ್ಲ. ಮಂಡಳಿ ತಟ್ಟಬೇಕಿತ್ತು. ಅದು ತಟ್ಟದಿದ್ದರೆ ಸಂವಿಧಾನದ ರಿಟ್ ಅರ್ಜಿಯೊಂದೇ ದಾರಿ.

ಎಕರೆಗೆ ಒಂದು ರೂಪಾಯಿ

ಹೈಕೋರ್ಟಿನಲ್ಲಿ ಹೊಳೆಯ ಅರ್ಜಿ ವಿಚಾರಣೆಗೆ ಬರುವ ಮೊದಲೇ ಜಗಳ ಇನ್ನೊಂದು ದಿಕ್ಕಿಗೆ ಹೊರಳಿತು. ಅದಕ್ಕೆ ಕಾರಣ 1984ರ ನವೆಂಬರ್ 14ರ ಆ ಒಪ್ಪಂದ.

ಒಪ್ಪಂದದಂತೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಶೇಕಡ 51 ಪಾಲು ಸರ್ಕಾರದ್ದು, 49 ಹರಿಹರ ಪಾಲಿಫೈಬರ್ಸ್‌ನದು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ 30,000 ಹೆಕ್ಟೇರ್ ಭೂಮಿಯನ್ನು ಕಂಪನಿಗೆ 40 ವರ್ಷ ಗುತ್ತಿಗೆ ಕೊಡಬೇಕು. ಅಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಬೆಳೆಸಬೇಕು. ಬೆಳೆದದ್ದರಲ್ಲಿ ಶೇಕಡ 87.5 ಭಾಗ ನೇರವಾಗಿ ಕಾರ್ಖಾನೆಗೆ. ಉಳಿದ 12.5 ಭಾಗವನ್ನೂ ಕೊಳ್ಳುವ ಹಕ್ಕು ಕಾರ್ಖಾನೆಗೇ. ಭೂಮಿಯ ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ! ನಾಲ್ಕು ಜಿಲ್ಲೆಗಳ ಅಷ್ಟೂ ನೆಲದಿಂದ ಬೊಕ್ಕಸಕ್ಕೆ ಬರುತ್ತಿದ್ದುದು ವರ್ಷಕ್ಕೆ ಸುಮಾರು 75 ಸಾವಿರ ರೂಪಾಯಿ. ಕಂಪನಿಯ ಬ್ಯಾಂಕ್ ಸಾಲಕ್ಕೆ ಸರ್ಕಾರದ್ದೇ ಜಾಮೀನು.

ಸರ್ಕಾರಿ ಕಡತಗಳಲ್ಲಿ ಇದು ಸಿ ಮತ್ತು ಡಿ ದರ್ಜೆಯ ಪಾಳು ಭೂಮಿ. ಊರಿನವರ ಲೆಕ್ಕದಲ್ಲಿ ಪಾಳು ಎಂಬುದೇ ಇರಲಿಲ್ಲ. ದನ ಮೇಯುವ ನೆಲ, ಸೌದೆ ತರುವ ನೆಲ, ಗುಡಿಸಲಿಗೆ ಹುಲ್ಲು ಕೊಯ್ಯುವ ನೆಲ ಎಲ್ಲವೂ ಅದೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟಗಾರರಿಗೆ ಸೊಪ್ಪಿನಬೆಟ್ಟವಿಲ್ಲದೆ ತೋಟವಿಲ್ಲ. ಹಸಿ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಇದು ಅಲ್ಲಿನ ಬೇಸಾಯದ ಸರಪಣಿ. ಬೆಟ್ಟವಿಲ್ಲದ ಬಡವರಿಗೆ ಗೋಮಾಳವೇ ಗತಿ. ನೀಲಗಿರಿಯ ಎಲೆಯನ್ನು ದನ ಮೂಸುವುದಿಲ್ಲ, ಸೊಪ್ಪು ಗೊಬ್ಬರಕ್ಕೂ ಒದಗುವುದಿಲ್ಲ. ಶರಾವತಿಗೆ ಕಟ್ಟಿದ ಹಿರೇಭಾಸ್ಕರ, ಆಮೇಲೆ 1964ರ ಲಿಂಗನಮಕ್ಕಿ, ಎರಡೂ ಅಣೆಕಟ್ಟುಗಳಿಗೆ ಊರು, ಗದ್ದೆ, ಕಾನು ಒಪ್ಪಿಸಿ ಬಂದಿದ್ದ ಸೀಮೆ ಅದು. ನಾಡಿಗೆ ಬೆಳಕು ಎಂದಾಗ ಜನ ಸಂಕಟ ನುಂಗಿಕೊಂಡಿದ್ದರು. ಒಂದು ಕಂಪನಿಯ ಬಟ್ಟೆಯ ನಾರಿಗೆ ಎಂದಾಗ ನುಂಗಲಿಲ್ಲ.

ಮೊದಲು ದನಿಯೆತ್ತಿದವರಲ್ಲಿ ಶಿವರಾಮ ಕಾರಂತರು ಒಬ್ಬರು. ಆಗ ಅವರಿಗೆ 82 ವರ್ಷ. 1984ರ ಡಿಸೆಂಬರ್‌ನಲ್ಲೇ ಕನ್ನಡದ ಪ್ರಮುಖ ದಿನಪತ್ರಿಕೆಯಲ್ಲಿ ಲೇಖನ ಬರೆದು, ಸರ್ಕಾರ ಮತ್ತು ಬಿರ್ಲಾಗಳ ಈ ಸ್ನೇಹವನ್ನು ಜನ ಸಂಪೂರ್ಣವಾಗಿ ವಿರೋಧಿಸಬೇಕೆಂದು ಕರೆ ಕೊಟ್ಟರು. ನ್ಯಾಯಾಲಯದ ದಾರಿ ತೋರಿಸಿದ್ದು ಮಾತ್ರ ಸಾಗರ. ಆ ತಾಲ್ಲೂಕಿನ ರೈತರ ನಡುವೆ ಕೆಲಸ ಮಾಡುತ್ತಿದ್ದ ಯುವಕರ ಸಂಘಟನೆಯೊಂದು ಜಂಟಿ ಕಂಪನಿಯ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಎದ್ದು ನಿಂತ ನೆಲದಲ್ಲಿ ಇದು ಆಶ್ಚರ್ಯದ ಸಂಗತಿಯೇನಲ್ಲ. ಈ ಅರ್ಜಿಯಿಂದ ಪ್ರೇರಣೆ ಪಡೆದೇ ಧಾರವಾಡದ ಸಮಾಜ ಪರಿವರ್ತನ ಸಮುದಾಯ 1986ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರ ಮುಂಚೂಣಿಯಲ್ಲಿ ಕಾರಂತರ ಹೆಸರಿತ್ತು. ಈ ಭೂಮಿಯನ್ನು ನೆಚ್ಚಿ ಬದುಕುತ್ತಿದ್ದ ಸುಮಾರು 5 ಲಕ್ಷ ಹಳ್ಳಿಗರ ಪರವಾಗಿ ಅದು ಮಾತಾಡಿತು.

ಹೊಳೆಯ ಹೋರಾಟಗಾರರು ಬೆಟ್ಟದ ಹೋರಾಟಕ್ಕೆ ಇಳಿದದ್ದನ್ನು ಆಗ ಕೆಲವರು ದಿಕ್ಕು ತಪ್ಪಿದ್ದು ಎಂದುಕೊಂಡಿರಬಹುದು. ಅದು ದಿಕ್ಕು ಕಂಡುಕೊಂಡದ್ದು. ಕೊಳವೆಯ ತುದಿಯಲ್ಲಿ ನಿಂತವರು ಅದರ ಬುಡ ಎಲ್ಲಿದೆ ಎಂದು ನೋಡುತ್ತ ಹೋದರೆ ಸಿಗುವುದು ಮಲೆನಾಡಿನ ಗೋಮಾಳವೇ. ಒಂದೇ ಕಾರ್ಖಾನೆಗೆ ಮೇಲಿನವರ ಹುಲ್ಲುಗಾವಲು ಕಚ್ಚಾ ಸಾಮಗ್ರಿಯಾಗಿ ಬೇಕು, ಕೆಳಗಿನವರ ಹೊಳೆ ಚರಂಡಿಯಾಗಿ ಬೇಕು. ಎರಡಕ್ಕೂ ಅದು ಕೊಡುತ್ತಿದ್ದ ಬೆಲೆ ಹೆಚ್ಚು ಕಡಿಮೆ ಒಂದೇ.

ಕಿತ್ತಿಕೋ, ಹಚ್ಚಿಕೋ

1987ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಇನ್ನಷ್ಟು ಭೂಮಿ ಕಂಪನಿಗೆ ಹೋಗುವುದು ನಿಂತಿತು. ಆದರೆ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಆಗಲೇ 400 ಹೆಕ್ಟೇರ್ ಹೋಗಿಬಿಟ್ಟಿತ್ತು. ಮೇ ತಿಂಗಳಲ್ಲಿ ಅಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಯಿತು. ಹಳ್ಳಿಗರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿತು. ಒಪ್ಪಂದಕ್ಕೆ ಮೂರು ವರ್ಷ ತುಂಬಿದ ನವೆಂಬರ್ 14ರಂದು ಸುಮಾರು 2,000 ಜನ ಕುಸನೂರಿನಲ್ಲಿ ಸೇರಿದರು. ಶಾಲೆಯ ಅಂಗಳದಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿ, ವಾದ್ಯ ಬಾರಿಸುತ್ತ ಗುಡ್ಡಕ್ಕೆ ನಡೆದರು. ನೂರು ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಆಗುವ ಗಿಡ ನೆಟ್ಟರು. ನೆಟ್ಟದ್ದಕ್ಕೆ ನೀರು ಹಾಕಿ ಬೆಳೆಸುತ್ತೇವೆ ಎಂದು ಮಾತು ಕೊಟ್ಟು ಮನೆಗೆ ಹೋದರು.

ಹೆಸರೇ ಚೆನ್ನಾಗಿತ್ತು: ಕಿತ್ತಿಕೋ-ಹಚ್ಚಿಕೋ. ಸಸಿ ನೆಡುವುದನ್ನು ಧಾರವಾಡದ ಕಡೆ ಹಚ್ಚುವುದು ಎನ್ನುತ್ತಾರೆ. ಮಲೆನಾಡಿನವರಿಗೆ ಹಚ್ಚುವುದೆಂದರೆ ದೀಪ! 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ತಬ್ಬಿ ನಿಂತು ಆರಂಭಿಸಿದ ಅಪ್ಪಿಕೋ ಚಳವಳಿಯ ನೆರಳು ಈ ಹೆಸರಿನ ಮೇಲೆ ಬಿದ್ದಿರುವುದು ಸ್ಪಷ್ಟ. ಅದೇ ವರ್ಷದ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದ್ದರು. ಕುಸನೂರಿನವರು ಎರಡನ್ನೂ ಸೇರಿಸಿ, ಮೇಲೆ ಸತ್ಯಾಗ್ರಹದ ಶಿಸ್ತನ್ನು ಇಟ್ಟರು.

1988ರ ಏಪ್ರಿಲ್‌ನಲ್ಲಿ ಕೋರ್ಟು ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿದಾಗ ಹಿನ್ನಡೆಯಾಯಿತು. ಮತ್ತೆ ಸತ್ಯಾಗ್ರಹ, ಬಂಧನ, ಶಾಸಕರ ಮೇಲೆ ಒತ್ತಡ, ಬ್ಯಾಂಕುಗಳಿಗೆ ಮನವಿ ಎಲ್ಲ ನಡೆದವು. ಕೊನೆಗೆ 1991ರ ಹೊತ್ತಿಗೆ ಸರ್ಕಾರ ಜಂಟಿ ಕಂಪನಿಯನ್ನೇ ಮುಚ್ಚಿತು. ಬಂಡವಾಳ, ಸರ್ಕಾರ, ಬ್ಯಾಂಕು ಮೂರೂ ಒಂದು ಕಡೆ ನಿಂತ ಯೋಜನೆಯೊಂದು ಹೀಗೆ ಹಳ್ಳಿಗರ ಕೈಯಲ್ಲಿ ಸೋತದ್ದು ದೇಶದಲ್ಲೇ ಅಪರೂಪ. ರಾಮಚಂದ್ರ ಗುಹಾ ಅವರಂಥ ಇತಿಹಾಸಕಾರರು ಬಡವರ ಪರಿಸರವಾದಕ್ಕೆ ಉದಾಹರಣೆ ಕೊಡುವಾಗ ಈ ಪ್ರಕರಣವನ್ನೇ ಎತ್ತಿಕೊಂಡಿದ್ದಾರೆ.

ಹೊಳೆಯ ಅರ್ಧ

ಬೆಟ್ಟದ ಅರ್ಧ ಗೆದ್ದಿತು; ಹೊಳೆಯ ಅರ್ಧಕ್ಕೆ ಅಂಥ ಒಂದು ದಿನಾಂಕ ಸಿಗುವುದಿಲ್ಲ. ಇದಕ್ಕೆ ಕಾರಣವೂ ಇದೆ. ಭೂಮಿಯ ಗುತ್ತಿಗೆ ಒಂದು ಸಹಿಯಿಂದ ಆದದ್ದು, ಇನ್ನೊಂದು ಸಹಿಯಿಂದ ಹೋಗುತ್ತದೆ. ಹೊಳೆಯ ಕೊಳೆ ದಿನವೂ ಆಗುವಂಥದು. ದಿನವೂ ಅಳೆಯಬೇಕು, ದಿನವೂ ಸಂಸ್ಕರಿಸಬೇಕು, ದಿನವೂ ಯಾರಾದರೂ ಕಾಯಬೇಕು. ಸುಪ್ರೀಂ ಕೋರ್ಟ್ 1987ರಲ್ಲಿ ಕಾನ್ಪುರದ ಚರ್ಮ ಹದ ಮಾಡುವ ಕಾರ್ಖಾನೆಗಳ ಮೇಲೆ ಗಂಗೆಯ ಪರವಾಗಿ ಕಠಿಣ ಆದೇಶ ನೀಡಿತು. 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ, ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆ ದೊಡ್ಡ ಮಾತು ಹೇಳಿದ ತೀರ್ಪಿನಲ್ಲೇ ಅರ್ಜಿಯನ್ನು ವಜಾ ಮಾಡಲಾಗಿತ್ತು ಎಂಬುದು ಬೇರೆ ಮಾತು.

ಇದೇ ಗ್ವಾಲಿಯರ್ ರೇಯಾನ್ಸ್‌ನ ಇನ್ನೊಂದು ಕಾರ್ಖಾನೆ ಕೇರಳದ ಮಾವೂರಿನಲ್ಲಿ, ಚಾಲಿಯಾರ್ ಹೊಳೆಯ ದಡದಲ್ಲಿತ್ತು. ಅದರ ಕಥೆ ನೋಡಿದರೆ ಹೊಳೆಯ ಹೋರಾಟ ಎಷ್ಟು ತೊಡಕಿನದು ಎಂದು ತಿಳಿಯುತ್ತದೆ. ಅಲ್ಲಿ ಬಿದಿರನ್ನು ಟನ್ನಿಗೆ ಒಂದು ರೂಪಾಯಿಗೆ ಕೊಡಲಾಗಿತ್ತು. ಒಂದು ರೂಪಾಯಿಯ ಲೆಕ್ಕ ಕರ್ನಾಟಕದ್ದೇ ಸೃಷ್ಟಿಯಲ್ಲ! ವಾಳಕ್ಕಾಡ್ ಪಂಚಾಯಿತಿಯ ಅಧ್ಯಕ್ಷರಾಗಿದ್ದ ಕೆ.ಎ. ರಹಮಾನ್ ದಶಕಗಳ ಕಾಲ ಹೊಳೆಗಾಗಿ ಹೋರಾಡಿದರು. 1985ರಲ್ಲಿ ಕಾರ್ಮಿಕ ವಿವಾದದಿಂದ ಕಾರ್ಖಾನೆ ಮುಚ್ಚಿ, ಮೂರು ವರ್ಷ ಬಾಗಿಲು ತೆರೆಯಲಿಲ್ಲ. ಕಾರ್ಮಿಕರ ಮನೆಗಳಲ್ಲಿ ಆತ್ಮಹತ್ಯೆಗಳಾದವು. ತೆರೆದಾಗ ಕಾರ್ಮಿಕರು ಸಂಭ್ರಮಿಸಿದರು, ಹೊಳೆ ಮತ್ತೆ ಕಪ್ಪಾಯಿತು. ರಹಮಾನ್ 1999ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಮಾವೂರಿನ ಯಂತ್ರಗಳು ನಿಂತವು.

ಹರಿಹರದ ಜನರಿಗೆ ಕಾರ್ಖಾನೆ ಮುಚ್ಚುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಈಚೆ ದಡದ ಮೈಸೂರು ಕಿರ್ಲೋಸ್ಕರ್ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿದಾಗ ಪೇಟೆಯೇ ಸೊರಗಿತ್ತು. ಕುಮಾರಪಟ್ಟಣದ ಕಾರ್ಖಾನೆ ಉಳಿದಿದೆ. ಅದನ್ನು ಮುಚ್ಚಿ ಎನ್ನುವುದಕ್ಕಿಂತ ನೀರನ್ನು ಸರಿಯಾಗಿ ಶುದ್ಧ ಮಾಡಿ ಬಿಡಿ ಎನ್ನುವುದು ಕಷ್ಟದ ಬೇಡಿಕೆ. ಮುಚ್ಚಿದ್ದು ಕಣ್ಣಿಗೆ ಕಾಣುತ್ತದೆ, ಶುದ್ಧ ಮಾಡಿದ್ದನ್ನು ಪ್ರಯೋಗಾಲಯ ಹೇಳಬೇಕು.

ಬೆಟ್ಟದ ಗೆಲುವೂ ಪೂರ್ಣವಲ್ಲ ಎಂದು ಮಲೆನಾಡಿಗೆ ಗೊತ್ತಾದದ್ದು 2020ರಲ್ಲಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಕೊಟ್ಟಿದ್ದ 20 ಸಾವಿರ ಹೆಕ್ಟೇರಿಗೂ ಹೆಚ್ಚಿನ ಅರಣ್ಯ ಭೂಮಿಯ ಗುತ್ತಿಗೆ ಆ ವರ್ಷ ಮುಗಿಯಿತು. ಯಂತ್ರಗಳು ನಿಂತು ಕೆಲವು ವರ್ಷಗಳಾಗಿದ್ದರೂ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಲು ಸರ್ಕಾರ ಮುಂದಾಯಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂಬ ಹೆಸರಿನಲ್ಲಿ ಜಿಲ್ಲೆಯ ತುಂಬ ಚಳವಳಿ ಎದ್ದಿತು. ನೀಲಗಿರಿಯ ಜಾಗಕ್ಕೆ ಅಕೇಶಿಯಾ ಬಂದಿತ್ತು. ಬೆಟ್ಟ ಯಾರದು ಎಂಬ ಪ್ರಶ್ನೆ ಹಳೆಯದೇ ಆಗಿತ್ತು.

ಹೊಳೆಯ ವಿಷಯದಲ್ಲಿ ಪ್ರಶ್ನೆ ಬೆಳೆದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಮಲಿನ ನದಿ ಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಇದ್ದವು. ತುಂಗಭದ್ರಾ ಮಾತ್ರವಲ್ಲ, ತುಂಗಾ ಮತ್ತು ಭದ್ರಾ ಕೂಡ ಅದರಲ್ಲಿ ಸೇರಿದ್ದವು. ಕಾರ್ಖಾನೆಗಳ ಜೊತೆಗೆ ಈಗ ಪಟ್ಟಣಗಳ ಒಳಚರಂಡಿಯದೂ ದೊಡ್ಡ ಪಾಲು. ಒಂದು ಗೇಟಿನ ಮುಂದೆ ಕುಳಿತು ಧರಣಿ ಮಾಡಿದರೆ ಮುಗಿಯುವುದಿಲ್ಲ. ದಾರಿಯುದ್ದಕ್ಕೂ ಒಂದೊಂದು ಪುರಸಭೆಯ ಮುಂದೆ ಕೂರಬೇಕು. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟಾಗ ಹಿಡಿದದ್ದು ಈ ದಾರಿಯನ್ನೇ. ತೀರ್ಥಹಳ್ಳಿ, ಶಿವಮೊಗ್ಗಗಳ ಮೂಲಕ ಹೊಳೆಯ ಜೊತೆ ನಡೆದು, ಮೊದಲ ಹಂತದಲ್ಲಿ ಅದು ಬಂದು ತಲುಪಿದ ಊರು ಹರಿಹರ.